ಬೋರ್ಡಿಗೆ ತಂತಿ ಹಚ್ಚಿದ ಮೇಡಂ

ಎಪ್ಪತ್ತರ ದಶಕದ ಕೊನೆಯಲ್ಲಿ ಮಂಡ್ಯದ ಪಾಲಿಟೆಕ್ನಿಕ್ಕಿನಲ್ಲಿ ನನ್ನ ಜೊತೆ ಲ್ಯಾಬು ನೋಡಿಕೊಳ್ಳುತ್ತಿದ್ದ ಮೇಡಂ ಬಸರಾಳಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೆಲಸ ಕಾಯಂ ಆಗಿರಲಿಲ್ಲ. ಮಾತಾಡುವಾಗಲೂ ಬೆರಳಲ್ಲಿ ತಂತಿಯ ತುದಿ ಹೊಸೆಯುತ್ತಿದ್ದರು. ‘ಮುಟ್ದೆ ಕಲಿಯೋದೆಂಗೆ?’ ಎನ್ನುವುದು ಅವರ ಮಾತು.

ಹೊಸದಾಗಿ ಬಂದ ಕಂಪ್ಯೂಟರ್ ಬೋರ್ಡನ್ನು ಪ್ರಿನ್ಸಿಪಾಲರು ಬೀರುವಿನಲ್ಲಿಡಿಸಿದ್ದರು. ಮೇಡಂ ಅದನ್ನು ಹೊರತೆಗೆದು, ತಾವೇ ತಗಡಿನಲ್ಲಿ ಮಾಡಿದ ಯಂತ್ರದ ತೋಳಿಗೆ ನಾಲ್ಕು ತಂತಿಗಳಿಂದ ಜೋಡಿಸಿದರು. ತೋಳಿನ ಮೋಟಾರುಗಳೆಲ್ಲ ಅವೇ ನಾಲ್ಕು ತಂತಿಗಳ ಮೇಲೆ ಸರದಿಯಂತೆ ಬೋರ್ಡಿನ ಮಾತು ಕೇಳಬೇಕಿತ್ತು.

ಅದನ್ನಿಟ್ಟುಕೊಂಡು ಮೇಡಂ ಹುಡುಗರಿಗೆ ಪಾಠ ಮಾಡುತ್ತಿದ್ದಾಗ ಪ್ರಿನ್ಸಿಪಾಲರು ಬಂದರು. ‘ಅದು ಸುಟ್ಟರೆ ನಿಮ್ಮ ಕೆಲಸಾನೂ ಹೋಗುತ್ತೆ. ಬಿಚ್ಚಿ.’

‘ಓದ್ರೆ ಓಗ್ಲಿ ಬುಡಿ ಸಾ,’ ಎಂದು ಮೇಡಂ ಸ್ವಿಚ್ಚು ಒತ್ತಿದರು.

ತೋಳು ಅಲುಗಲಿಲ್ಲ. ಪ್ರಿನ್ಸಿಪಾಲರು ನಕ್ಕರು. ಮೇಡಂ ಬಗ್ಗಿ ನೋಡಿದರು. ಬೋರ್ಡಿನ ಮಾತು ಹೋಗುವ ತಂತಿ, ತೋಳಿನ ಉತ್ತರ ಬರುವ ತಂತಿ ಅದಲುಬದಲಾಗಿದ್ದವು. ಅವಸರವಿಲ್ಲದೆ ಬೆಸುಗೆ ಬಿಡಿಸಿ ಸರಿಯಾಗಿ ಹಚ್ಚಿ ಮತ್ತೆ ಒತ್ತಿದರು. ತೋಳು ಮೆಲ್ಲಗೆ ಬಾಗಿ ಮೇಜಿನ ಮೇಲಿದ್ದ ಸೀಮೆಸುಣ್ಣವನ್ನು ಎತ್ತಿತು.

‘ಆಯ್ತಲ್ಲ, ಒಳಗಿಡಿ,’ ಎಂದರು ಪ್ರಿನ್ಸಿಪಾಲರು.

‘ಕ್ಲಾಸು ಮುಗೀಲಿ ಸಾ.’ ಮೇಡಂ ತೋಳಿನಿಂದ ಸೀಮೆಸುಣ್ಣ ಬಿಡಿಸಿಕೊಂಡು, ಆ ನಾಲ್ಕು ತಂತಿಗಳ ಚಿತ್ರವನ್ನು ಕರಿಹಲಗೆಯ ಮೇಲೆ ಬರೆಯತೊಡಗಿದರು.

ಮುಂದಿನ ವರ್ಷಕ್ಕೆ ಅವರನ್ನು ಮುಂದುವರಿಸಲಿಲ್ಲ. ಕೊನೆಯ ದಿನವೂ ಗಂಟೆ ಹೊಡೆಯುವವರೆಗೆ ಪಾಠ ಮಾಡಿಯೇ ಹೋದರು.