ಹಾಲು ಇಂಗಿಸಿದ ಮಲ್ಲಿಗೆ

ಮೊನ್ನೆ ಸಂಜೆ ಹಡಗಲಿ ಬಸ್ ನಿಲ್ದಾಣದಲ್ಲಿ ಹೂ ಮಾರುವ ಹುಡುಗಿಯೊಬ್ಬಳು ಕಿಟಕಿಯ ಹತ್ತಿರ ಬುಟ್ಟಿ ಎತ್ತಿ ಹಿಡಿದಳು. "ಮಲ್ಲಿಗಿ ತಗೋರಿ ಅಕ್ಕಾರ, ಈಗ ಕಟ್ಟೀನಿ." ಬಸ್ಸೆಲ್ಲ ಘಮ್ಮೆಂದಿತು. ನನಗೆ ಮಾತ್ರ ಎದೆ ಬಿಗಿಯಿತು… ಮಲ್ಲಿಗೆ ಮುಡಿಯುವುದನ್ನು ನಾನು ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು.

ಕೂಡ್ಲಿಗಿಯಲ್ಲಿ ನನ್ನ ತವರಿನ ಪಕ್ಕದ ಮನೆಯಲ್ಲಿ ನರ್ಸಮ್ಮ ಇದ್ದರು. ಕ್ರೈಸ್ತರು. ಹಣೆಗೆ ಕುಂಕುಮವಿಲ್ಲ, ತಲೆಗೆ ಹೂವಿಲ್ಲ. ಓಣಿಯ ಹೆಂಗಸರು ಅದನ್ನು ಹಿಂದಿನಿಂದ ಆಡಿಕೊಂಡರೂ ಹೆರಿಗೆ ನೋವು ಬಂದರೆ ಮೊದಲು ಓಡುತ್ತಿದ್ದುದು ಅವರ ಬಾಗಿಲಿಗೇ. ಕೈಗುಣ ಅಂದರೆ ಅವರದು ಎನ್ನುತ್ತಿದ್ದರು. ಆದರೆ ಚೊಚ್ಚಲ ಹೆರಿಗೆಗೆ ಬಂದ ಅವರ ಒಬ್ಬಳೇ ಮಗಳು, ರಕ್ತ ನಿಲ್ಲದೆ, ಅವರ ಕೈಯಲ್ಲೇ ಹೋದಳು. ಮಗುವೂ ಉಳಿಯಲಿಲ್ಲ. ಕೈಗುಣ ಕೆಟ್ಟಿತು ಎಂದು ಓಣಿಯವರು ಕರೆಯುವುದನ್ನೇ ಬಿಟ್ಟರು. ನರ್ಸಮ್ಮ ಆಸ್ಪತ್ರೆಗೆ ಹೋಗಿ ಬಂದು, ಸಂಜೆ ಕಟ್ಟೆಯ ಮೇಲೆ ಬೈಬಲ್ ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. ಆ ಮುಖದ ಶಾಂತಿ ಕಂಡರೆ ನಮ್ಮವ್ವನಿಗೆ ಸಿಟ್ಟು. "ಮಗಳು ಸತ್ತು ಇನ್ನಾ ಎರಡು ತಿಂಗಳಾಗಿಲ್ಲ, ಹೆಂಗ ಕುಂತಾಳ ನೋಡು. ಕಲ್ಲು ಅದು," ಅನ್ನುತ್ತಿದ್ದಳು.

ಆಗ ನಾನೂ ತುಂಬು ಬಸುರಿ. ನೋವು ದಿನಕ್ಕೆ ಮುಂಚೆಯೇ ಬಂತು. ಗೋಡೆಯಾಚೆ ನರ್ಸಮ್ಮ ಇದ್ದರು. "ಆಕಿ ಕೈ ಬ್ಯಾಡ, ಆಕಿ ಇರೋ ಆಸ್ಪತ್ರಿನೂ ಬ್ಯಾಡ," ಅಂದ ಅವ್ವ ನನ್ನನ್ನು ಟೆಂಪೋದಲ್ಲಿ ಮಲಗಿಸಿ ದಾವಣಗೆರೆಗೆ ಹೊರಡಿಸಿದಳು. ಕಾನಹೊಸಹಳ್ಳಿ ದಾಟುತ್ತಿದ್ದಂತೆ ಟೆಂಪೋದಲ್ಲೇ ಹೆರಿಗೆಯಾಯಿತು. ಮಗು ಅಳಲಿಲ್ಲ. ಗಂಡುಮಗು ಅಂತ ಆಮೇಲೆ ಹೇಳಿದರು… ನಾನು ಮುಖ ನೋಡಲಿಲ್ಲ.

ತವರಿಗೆ ಮರಳಿದ ಮೇಲೆ, ಮೂರನೆಯ ದಿನ ಹಾಲು ಬಂತು. ಕುಡಿಯುವವರಿಲ್ಲದ ಹಾಲು. ಎದೆ ಬಾತುಕೊಂಡು ಜ್ವರ ಏರಿತು. ನನ್ನ ಕಿರುಚಾಟ ಓಣಿಗೆಲ್ಲ ಕೇಳಿಸುತ್ತಿತ್ತಂತೆ. ಯಾರೂ ಕರೆಯದಿದ್ದರೂ ನರ್ಸಮ್ಮ ಬಂದು ಬಾಗಿಲಲ್ಲಿ ನಿಂತರು. ಎಂದೂ ಹೂ ಮುಡಿಯದವರ ಸೆರಗಿನ ತುಂಬ ಮಲ್ಲಿಗೆ! ಅವ್ವ ಪಕ್ಕಕ್ಕೆ ಸರಿದಳು. ನರ್ಸಮ್ಮ ಜ್ವರಕ್ಕೆ ಮಾತ್ರೆ ನುಂಗಿಸಿ, ಹೂವನ್ನು ನನ್ನ ಎದೆಗೆ ಹರಡಿ, ಹಳೇ ಸೀರೆಯ ಪಟ್ಟಿಯಿಂದ ಕಟ್ಟಿದರು. "ಹೂವಿಗೆ ಹಾಲು ಇಂಗ್ತತಿ ಮಗಳ. ನಾಕು ದಿನ ತಡಿ." ದಿನವೂ ಬಂದು, ಬಾಡಿದ್ದನ್ನು ಬಿಚ್ಚಿ ಹೊಸದು ಕಟ್ಟುತ್ತಿದ್ದರು.

ಒಂದು ದಿನ ಕೇಳಿಯೇಬಿಟ್ಟೆ. "ನಿಮಗ ಹೆಂಗ ತಡಕಳಾಕ ಆತ್ರಿ ನರ್ಸಮ್ಮ?"

ಅವರ ಕೈ ನಿಂತಿತು. "ತಡಕಂಡೀನಿ ಅಂತ ಯಾರು ಹೇಳಿದ್ರವ್ವ? ನನ್ನ ಕೈಲಿ ಆಗಂಗಿಲ್ಲ. ಸಂಜಿಗೆ ಈ ಹೊರಿ ಯೇಸಪ್ಪನ ಮುಂದ ಇಳಿಸ್ತೀನಿ. ಅಷ್ಟೊತ್ತು ಹಗುರ ಇರ್ತತಿ. ಮುಂಜಾನಿ ಎದ್ರ ಮತ್ತ ತಲಿಮ್ಯಾಲ ಐತಿ. ಸಂಜಿಗೆ ಮತ್ತ ಹೋಗ್ತೀನಿ. ಆತ ಒಂದಿನಾನೂ ಬ್ಯಾಡ ಅಂದಿಲ್ಲ."

ಹಾಲು ಇಂಗಿತು. ಮನೆಯವರೆಲ್ಲ ಮರೆತುಬಿಡು ಅಂದರು. ಮಗುವಿನ ಮಾತೆತ್ತಿದರೆ ಅವ್ವ ಎದ್ದು ಒಳಗೆ ಹೋಗುತ್ತಿದ್ದಳು. ನಾನು ಸಂಜೆ ನರ್ಸಮ್ಮನ ಕಟ್ಟೆಗೆ ಹೋಗತೊಡಗಿದೆ. ಅವರು ಪ್ರಾರ್ಥಿಸುವಾಗ ತಮ್ಮ ಮಗಳ ಹೆಸರು ಹೇಳಿ, ಹಿಂದೆಯೇ "ಈ ಮಗಳ ಕೂಸು" ಎಂದು ಸೇರಿಸುತ್ತಿದ್ದರು. ಹೆಸರಿಡದೇ ಹೋದ ನನ್ನ ಕೂಸನ್ನು ಬಾಯಿಬಿಟ್ಟು ನೆನೆದವರು ಅವರೊಬ್ಬರೇ. ಅಷ್ಟು ಕೇಳಿದರೆ ಆ ರಾತ್ರಿ ನನಗೆ ನಿದ್ದೆ ಬರುತ್ತಿತ್ತು…

ಮುಂದೆ ಅವರಿಗೆ ಹರಪನಹಳ್ಳಿ ಕಡೆ ವರ್ಗವಾಯಿತು. ನನಗೂ ಮಕ್ಕಳಾದವು, ಸಂಸಾರದಲ್ಲಿ ಮುಳುಗಿದೆ. ಅವರು ತೀರಿಕೊಂಡದ್ದು ಗೊತ್ತಾದಾಗ ಮಣ್ಣು ಮಾಡಿ ತಿಂಗಳುಗಳೇ ಕಳೆದಿದ್ದವು.

ಹಡಗಲಿಯ ಹುಡುಗಿಯಿಂದ ಒಂದು ಮೊಳ ಕೊಂಡೆ. ಮುಡಿಯಲಿಲ್ಲ. ಬಸ್ಸು ಹೊರಟ ಮೇಲೆ ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದೆ. ನಾನು ಕ್ರೈಸ್ತಳಲ್ಲ, ಆತನನ್ನು ಏನೆಂದು ಕರೆಯಬೇಕೋ ಇವತ್ತಿಗೂ ಸರಿಯಾಗಿ ತಿಳಿಯದು. ನರ್ಸಮ್ಮನ ಮಗಳ ಹೆಸರು ಹೇಳಿದೆ. ನನ್ನ ಕೂಸು ಅಂದೆ. ಆಮೇಲೆ ನರ್ಸಮ್ಮ ಅಂದೆ. ಮೂವರನ್ನೂ ನೆನೆಯಲು ಉಳಿದಿರುವುದು ಈಗ ನನ್ನ ಬಾಯಿ ಒಂದೇ.