ಶಾಂತಮಲ್ಲಮ್ಮನಿಗೆ ತಣ್ಣೀರು

ತೆರಕಣಾಂಬಿಯ ಬೆಲ್ಲದ ವ್ಯಾಪಾರಿ ಶಂಭುಲಿಂಗಪ್ಪನ ಹೆಂಡತಿ ಶಾಂತಮಲ್ಲಮ್ಮನಿಗೆ ಮೂವತ್ತು ತುಂಬುವ ಮೊದಲೇ ಕಾಲುಗಳು ಮಾತು ಕೇಳುವುದನ್ನು ಬಿಟ್ಟವು. ಮೊದಲು ಒಂದು ಕಣ್ಣು ತಿಂಗಳೊಪ್ಪತ್ತು ಮಂಜಾಗಿ, ತಾನಾಗಿಯೇ ತಿಳಿಯಾಗಿತ್ತು. ಆಮೇಲೆ ಪಾದ ಜೋಮು ಹಿಡಿಯಿತು. ಹೊಸಿಲು ದಾಟುವಾಗ ಎಡವಿ ಬೀಳುವುದು ಮಾಮೂಲಾಯಿತು.

ಅತ್ತೆ ಮಹಾಲಕ್ಷ್ಮಮ್ಮ ಸುಮ್ಮನೆ ಕೂರುವ ಹೆಂಗಸಲ್ಲ. ವಾತವೆಂದು ತಾನೇ ತೀರ್ಮಾನಿಸಿ, ದಿನಾ ಹರಳೆಣ್ಣೆ ತಿಕ್ಕಿ, ಹಂಡೆಯಲ್ಲಿ ಚೆನ್ನಾಗಿ ಕಾದ ನೀರನ್ನು ಸೊಸೆಯ ಮೈಮೇಲೆ ಸುರಿದಳು. ಪ್ರೀತಿಯಿಂದಲೇ ಸುರಿದಳು, ಅದರಲ್ಲಿ ಎರಡು ಮಾತಿಲ್ಲ. ಬಚ್ಚಲಿಗೆ ನಡೆದು ಹೋದವಳನ್ನು ಇಬ್ಬರು ಹಿಡಿದು ಹೊರಗೆ ತರಬೇಕಾಗುತ್ತಿತ್ತು. "ಬಿಸಿ ಸಾಲ್ದು ಕಣಮ್ಮಿ," ಎಂದು ಅತ್ತೆ ಮರುದಿನ ಇನ್ನೆರಡು ಸೌದೆ ತುರುಕುತ್ತಿದ್ದಳು.

ಕೊನೆಗೆ ಮನೆಯ ಹಿರಿಯರು ಕೂತು ಮಾತಾಡಿದರು. ಬರುವ ದೀಪಾವಳಿ ಕಳೆದ ಮೇಲೆ ಶಾಂತಮಲ್ಲಮ್ಮ ಹಂಗಳದ ತವರಿಗೆ, ಆರು ವರ್ಷದ ಮಗಳು ಪುಟ್ಟಿ ಇಲ್ಲೇ ಎಂದಾಯಿತು. ಅತ್ತೆಯೂ ಒಪ್ಪಿ ತಲೆಯಾಡಿಸಿದಳು. ಕಾಲು ಹೋದದ್ದಕ್ಕಿಂತ ಮಗಳನ್ನು ಬಿಡಬೇಕಲ್ಲ ಎಂಬುದೇ ಶಾಂತಮಲ್ಲಮ್ಮನಿಗೆ ಹೆಚ್ಚಿನ ಸಂಕಟವಾಯಿತು.

ಐವತ್ತಾರನೇ ಇಸವಿಯ ಯುಗಾದಿ ಮುಗಿದ ವಾರ, ಗಂಡ ಮತ್ತು ಅತ್ತೆ ಅವಳನ್ನು ಬಸ್ಸಿನಲ್ಲಿ ಮೈಸೂರಿಗೆ ಕರೆದೊಯ್ದರು. ಡಾಕ್ಟರು ಮೊಣಕಾಲಿಗೆ ತಟ್ಟಿ ನೋಡಿ, ಇದು ನರದ ಕಾಯಿಲೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಬಸ್ಸು ಊರು ಸೇರುವ ಹೊತ್ತಿಗೆ ಶಂಭುಲಿಂಗಪ್ಪನ ಬಾಯಲ್ಲಿ ಆ ಹೆಸರು ಅರ್ಧ ಉದುರಿಹೋಗಿತ್ತು.

"ಪೂರ್ತಿ ವಾಸಿಮಾಡೋ ಔಷಧ ನನ್ನ ಹತ್ರ ಇಲ್ಲಮ್ಮ. ಇರೋ ಶಕ್ತೀನ ಬಳಸೋದು ಕಲಿಸ್ತೀನಿ," ಎಂದಿದ್ದರು ಡಾಕ್ಟರು. "ಕಾಲು ಹೆಚ್ಚು ಸೋಲೋದು ಯಾವಾಗ?"

"ನೀರು ಉಯ್ಕಂಡ ಮೇಲೆ ಸ್ವಾಮಿ," ಎಂದಿದ್ದಳು ಶಾಂತಮಲ್ಲಮ್ಮ.

"ಹಾಗಾದ್ರೆ ಬಿಸಿನೀರು ನಿಲ್ಲಿಸಿ. ಕಾವು ಹೆಚ್ಚಾದ್ರೆ ಈ ನರಗಳು ಸೋಲ್ತವೆ."

"ವಾತುಕ್ಕೆ ತಣ್ಣೀರಾ!" ಎಂದು ಮಹಾಲಕ್ಷ್ಮಮ್ಮ ದಾರಿಯುದ್ದಕ್ಕೂ ಡಾಕ್ಟರನ್ನು ಬೈದಳು. ಆದರೂ ಮರುದಿನ ಹಂಡೆಗೆ ಉರಿ ಹಾಕಲಿಲ್ಲ. ತಣ್ಣೀರಲ್ಲಿ ಮಿಂದ ಸೊಸೆ ಗೋಡೆ ಹಿಡಿದು ತಾನೇ ನಡೆದು ಬಂದಾಗ, ಮುದುಕಿ ಬಚ್ಚಲ ಬಾಗಿಲಲ್ಲೇ ಕುಸಿದು ಕೂತಳು.

ಕುರ್ಚಿಯಿಂದ ಎದ್ದು ಕೂತು ಮಾಡಲು ಡಾಕ್ಟರು ಹೇಳಿದ್ದರು. ಮನೆಯಲ್ಲಿ ಕುರ್ಚಿ ಎಲ್ಲಿ ಬಂತು? ಜಗಲಿಯೇ ಆಯಿತು. ಬೆಳಗಿನ ತಂಪಿನಲ್ಲಿ ಐದು ಸಲ, ವಿಶ್ರಾಂತಿ, ಮತ್ತೆ ಐದು. "ಶಾಂತಮಲ್ಲಿ ಗರಡಿ ಸೇರವ್ಳೆ ಕಣ್ಲಾ," ಎಂದು ಬೀದಿಯವರು ನಕ್ಕರು. ಅವಳೂ ನಕ್ಕಳು, ಎಣಿಕೆ ಬಿಡಲಿಲ್ಲ. ಒಲೆಯ ಕಾವು ಆಗದೆಂದು ಅಡುಗೆ ಅತ್ತೆಗೆ, ನಸುಕಿನಲ್ಲಿ ಹಸು ಕರೆಯುವುದು ಸೊಸೆಗೆ. ಬಿದ್ದ ದಿನಗಳೂ ಇದ್ದವು.

ದೀಪಾವಳಿ ಕಳೆಯಿತು. ತಂಗಿಯನ್ನು ಕರೆದೊಯ್ಯಲು ಹಂಗಳದಿಂದ ಅಣ್ಣ ಸಿದ್ದಮಲ್ಲಪ್ಪ ಗಾಡಿ ಕಟ್ಟಿಕೊಂಡು ಬಂದ. ಶಾಂತಮಲ್ಲಮ್ಮ ಕೋಲೂರಿಕೊಂಡು ಕೊಟ್ಟಿಗೆಯಿಂದ ಬಂದಳು.

"ನಾ ಬರಲ್ಲ ಕಣಣ್ಣ."

"ನಾಳೆ ಪೂರ್ತಿ ನೆಲ ಹಿಡಿದ್ರೆ ಏನ್ ಮಾಡೀಯೆ?"

ಅಡುಗೆಮನೆಯಿಂದ ಮಹಾಲಕ್ಷ್ಮಮ್ಮ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು.

"ನಡೀತಿದ್ದೋಳ್ಗೆ ಬಿಸ್ನೀರು ಉಯ್ದು ಬೀಳಿಸಿದೋಳು ನಾನು ಕಣಪ್ಪ. ನಾಳೆ ಬಿದ್ರೆ ಎತ್ತೋಳೂ ನಾನೇ. ಅವ್ಳು ಮಗಳ ಜೊತೇಲಿ ಇಲ್ಲೇ ಇರ್ತಾಳೆ. ನೀನು ಊಟ ಮಾಡ್ಕಂಡು ಓಗು."