ನಿವೃತ್ತಿಯಾಗದ ಆಟಗಾರ

ನನ್ನ ಅಕ್ಕ ಮತ್ತೆ ಮದುವೆಯಾಗದೆ ಉಳಿದದ್ದಕ್ಕೆ ಕಾರಣ ನಾನು. ಅದನ್ನು ಅವಳಿಗೆ ಹೇಳದೆ ಇಷ್ಟು ವರ್ಷ ಅವಳ ಕೈಯ ಅನ್ನ ಉಂಡಿದ್ದೇನೆ.

ತೊಂಬತ್ತರ ದಶಕದ ಕೊನೆ. ಭಾವ ಗುಬ್ಬಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದರು. ಲಗ್ನಪತ್ರಿಕೆ, ಕರಪತ್ರಗಳ ಕೆಲಸ. ಅಲ್ಲಿನ ಕಂಪ್ಯೂಟರಿನಲ್ಲಿ ಯಾರೋ ಹಾಕಿಕೊಟ್ಟ ಬೇಸ್‌ಬಾಲ್ ಆಟವೊಂದಿತ್ತು. ಅದರಲ್ಲಿ ನಾವು ಬ್ಯಾಟು ಬೀಸುವ ಹಾಗಿಲ್ಲ. ತಂಡದ ಮ್ಯಾನೇಜರಾಗಿ ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂದು ತೀರ್ಮಾನಿಸಬೇಕು, ಅಷ್ಟೇ. ಮಿಕ್ಕಿದ್ದನ್ನು ಕಂಪ್ಯೂಟರೇ ಆಡಿ ತೋರಿಸುತ್ತಿತ್ತು. ಬೇಸ್‌ಬಾಲನ್ನು ಕಣ್ಣಿಂದ ಕಂಡಿರದ ಭಾವ ಒಂದು ಅಮೆರಿಕನ್ ತಂಡಕ್ಕೆ ‘ಗುಬ್ಬಿ’ ಎಂದು ಹೆಸರಿಟ್ಟು, ಅದರಲ್ಲೊಬ್ಬ ಆಟಗಾರನಿಗೆ ತಮ್ಮದೇ ಹೆಸರು, ತಮ್ಮದೇ ವಯಸ್ಸು ಕೊಟ್ಟಿದ್ದರು. “ನೋಡೇ, ನಿನ್ ಗಂಡ ಸಿಕ್ಸರ್ ಹೊಡ್ದ!” ಎಂದು ಅಕ್ಕನನ್ನು ಕೂಗುತ್ತಿದ್ದರು.

ಮರುವರ್ಷವೇ ಕಾಮಾಲೆಯಾಗಿ ತೀರಿಕೊಂಡರು. ಮೂವತ್ನಾಲ್ಕು ವಯಸ್ಸು.

ಅಂಗಡಿ ನನ್ನ ಕೈಗೆ ಬಂತು. ಅಕ್ಕ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿ, ಅಲ್ಲೇ ಒಂದು ಶಾಲೆಗೆ ಟೀಚರಾಗಿ ಸೇರಿದಳು. ಭಾನುವಾರ ಬಸ್ಸು ಹಿಡಿದು ಗುಬ್ಬಿಗೆ ಬರುತ್ತಿದ್ದಳು, ನನಗೆಂದು ಡಬ್ಬಿಯಲ್ಲಿ ಹುಳಿ ತುಂಬಿಕೊಂಡು. ಆಮೇಲೆ ಸ್ಟೂಲ್ ಎಳೆದುಕೊಂಡು ಪರದೆಯ ಮುಂದೆ ಕೂತು ಭಾವನ ಸರದಿಗೆ ಕಾಯುತ್ತಿದ್ದಳು. ಔಟಾದರೆ “ಅಯ್ಯೋ, ನೋಡ್ಕೊಂಡು ಆಡ್ಬಾರ್ದಾ?” ಎಂದು ಗದರುತ್ತಿದ್ದಳು, ನಗುತ್ತಿದ್ದಳು. ಮಿಕ್ಕ ದಿನಗಳಲ್ಲಿ ಅವಳು ನಗುತ್ತಿದ್ದಳೋ ಇಲ್ಲವೋ —

ಆದರೆ ಆ ಆಟದಲ್ಲಿ ಕೆಲವೇ ತಿಂಗಳಿಗೊಂದು ಸೀಸನ್ ಮುಗಿಯುತ್ತದೆ, ಮುಗಿದ ಹಾಗೆಲ್ಲ ಆಟಗಾರರಿಗೆ ಒಂದೊಂದು ವರ್ಷ ಕೂಡುತ್ತದೆ. ಕೈ ಸೋಲುತ್ತದೆ, ಕೊನೆಗೆ ನಿವೃತ್ತಿ. ತಂಡದಿಂದ ಹೆಸರೇ ಹೋಗುತ್ತದೆ. ಅದಾಗದಂತೆ ನಾನು, ಅವಳು ಬರುವ ಮುಂಚೆಯೇ, ಭಾವನ ವಯಸ್ಸನ್ನು ತಿದ್ದಿ ಮತ್ತೆ ಮೂವತ್ನಾಲ್ಕು ಮಾಡಿಡುತ್ತಿದ್ದೆ.

“ಜೊತೇಲಿದ್ದೋರೆಲ್ಲ ಹೊರಟೋದ್ರು. ಇವ್ರಿಗ್ಯಾಕೋ ವಯಸ್ಸೇ ಆಗಲ್ಲ?” ಎಂದಳು ಒಮ್ಮೆ.

“ಕೆಲವ್ರಿಗೆ ಹಂಗೇ ಕಣಕ್ಕ. ಕಂಪ್ಯೂಟರೇ ಬುಡಲ್ಲ,” ಎಂದೆ.

ಅಲ್ಲಿಯವರೆಗೆ ಅದು ಅಕ್ಕರೆಯೇ ಆಗಿತ್ತು. ಆಮೇಲಿನದು ಅಲ್ಲ.

ಅವಳ ಶಾಲೆಯಲ್ಲಿ ಕುಣಿಗಲ್ ಕಡೆಯ ಶಿವಣ್ಣ ಮೇಷ್ಟ್ರಿದ್ದರು. ಹೆಂಡತಿಯನ್ನು ಕಳೆದುಕೊಂಡವರು, ಮೆದು ಮಾತಿನವರು. ಮದುವೆಯಾಗೋಣವೇ ಎಂದು ಅಕ್ಕನನ್ನು ಕೇಳಿದರಂತೆ. ಅಂಗಡಿಯಲ್ಲಿ ಕೂತು, ಸೆರಗಿನ ಅಂಚು ತಿರುವುತ್ತಾ ಅವಳೇ ನನಗೆ ಹೇಳಿದಳು: “ನಂಗೂ ಬೇಡ ಅಂತಿಲ್ಲ ಕಣೋ. ಆದ್ರೆ ಇವ್ರು ಇನ್ನೂ ಆಡ್ತಾವ್ರಲ್ಲ... ಇವ್ರು ನಿಲ್ಲಿಸ್ಲಿ, ಆಮೇಲೆ ಹೂಂ ಅಂತೀನಿ. ಹುಚ್ಚು ಅಂತೀಯೇನೋ?”

ಭಾವನಿಗೆ ಆಗಿರಬೇಕಾಗಿದ್ದ ವಯಸ್ಸನ್ನು ಹಾಕಿಬಿಟ್ಟಿದ್ದರೆ ಆ ಸೀಸನ್ನಿಗೇ ಅವರ ಆಟ ಮುಗಿಯುತ್ತಿತ್ತು. ಆದರೆ ಅಕ್ಕ ಮದುವೆಯಾಗಿ ಹೋದರೆ ಭಾನುವಾರ ನನಗೆ ಯಾರು? ಅಪ್ಪ ಅಮ್ಮ ಇಲ್ಲದ ನನಗೆ — ಇಲ್ಲ, ಇದನ್ನು ನೆಪವಾಗಿ ಹೇಳುತ್ತಿಲ್ಲ. ಆಗ ನನ್ನ ಮನಸ್ಸಿನಲ್ಲಿದ್ದದ್ದು ಇಷ್ಟೇ. ಭಾವನ ನೆನಪಲ್ಲ, ಅಕ್ಕನ ದುಃಖವೂ ಅಲ್ಲ. ಆ ಸೀಸನ್ ಮುಗಿದಾಗಲೂ ಮೂವತ್ನಾಲ್ಕು ಎಂದೇ ತಿದ್ದಿದೆ.

ಮೇಷ್ಟ್ರು ಎರಡು ವರ್ಷ ಕಾದರು. ಆಮೇಲೆ ಕುಣಿಗಲ್‌ಗೆ ವರ್ಗ ಮಾಡಿಸಿಕೊಂಡು ಬೇರೆ ಮದುವೆಯಾದರು. ಕೊನೆಗೊಂದು ದಿನ ಕಂಪ್ಯೂಟರು ಕೆಟ್ಟು ಆಟವೂ ಹೋಯಿತು. ನಾನು ಅಂಗಡಿ ಮುಚ್ಚಿ ಅಕ್ಕನ ಮನೆಗೇ ಬಂದು ಸೇರಿದೆ.

ಹೋದ ಭಾನುವಾರ ಎಲ್ಲವನ್ನೂ ಹೇಳಿದೆ. ಅಕ್ಕ ಅವರೆಕಾಯಿ ಬಿಡಿಸುತ್ತಿದ್ದಳು. ಕಾಯಿ ಬಿಡಿಸುತ್ತಲೇ, “ಹಂಗಾದ್ರೆ ಆಟದಲ್ಲಿ ಅವ್ರಿಗೆ ನಿಜವಾಗ್ಲೂ ಎಷ್ಟಾಗಿತ್ತೋ?” ಎಂದಳು.

“ಐವತ್ತು ದಾಟಿತ್ತಕ್ಕ.”

“ಅಷ್ಟಾದ್ರೂ ಚೆನ್ನಾಗ್ ಆಡ್ತಿದ್ರು, ಅಲ್ವಾ?”

ಹೂಂ ಎಂದುಬಿಡಬಹುದಿತ್ತು.

“ಇಲ್ಲಕ್ಕ. ಅದೂ ನಾನೇ ಮಾಡಿದ್ದು. ಅವ್ರು ಯಾವಾಗ್ಲೋ ನಿಲ್ಲಿಸಿರೋರು.”

ಅವಳ ಕೈ ನಿಂತಿತು.

“ಮೇಷ್ಟ್ರು ಕಾದ್ರು ಕಣೋ,” ಎಂದಷ್ಟೇ ಅಂದು ಎದ್ದು ಒಳಗೆ ಹೋದಳು.

ನಾನು ಹಿಂದೆ ಹೋಗಲಿಲ್ಲ. ಸಮಾಧಾನ ಹೇಳಲು ನಾನು ಯಾರು? ಅಲ್ಲೇ ಕೂತು ಮಿಕ್ಕ ಅವರೆಕಾಯಿ ಬಿಡಿಸಿದೆ.